ಆಟಿಕೆ ಸಿಪಾಯಿಗಳ ಜೊತೆ ಎತ್ತುಗಳೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ದಸರಾ ಬೊಂಬೆಗಳ ಬಗ್ಗೆ ಲೇಖನ ಬಂದಿತ್ತು. ಪಟ್ಟದ ಬೊಂಬೆ, ಶೆಟ್ಟರ ದಿನಸಿ ಅಂಗಡಿ, ಮದುವೆ ದಿಬ್ಬಣ, ಎಲ್ಲವೂ ಇತ್ತು. ಸಿಪಾಯಿ ಬೊಂಬೆಗಳ ಬಗ್ಗೆ ಮಾತ್ರ ಒಂದೇ ಸಾಲು. ಅವು ಹೊರದೇಶದ ಸರಕು, ನಮಗೂ ಅವಕ್ಕೂ ಸಂಬಂಧವಿಲ್ಲ ಅಂತ. ಆ ಸಾಲು ಮೂರು ದಿನ ನನ್ನ ತಲೆಯಿಂದ ಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ದರ್ಜಿ. ಶ್ರೀರಂಗಪಟ್ಟಣದ ಗಂಜಾಂನಲ್ಲಿ 41 ವರ್ಷ ಅಂಗಡಿ ನಡೆಸಿದೆ. ಶಾಲೆ ಮಕ್ಕಳ ಯೂನಿಫಾರಂ, ಬ್ಯಾಂಡ್‌ಸೆಟ್ಟಿನವರ ಜರಿ ಕೋಟು, ಹೋಂಗಾರ್ಡುಗಳ ಖಾಕಿ, ಇವೇ ನನ್ನ ಕೈಯಲ್ಲಿ ಜಾಸ್ತಿ ಹೊಲಿದವು. ಈಗ ಮಗ ಮಿಷನ್ ಮೇಲೆ ಕೂರುತ್ತಾನೆ. ನಾನು ಕಾಜಾ ಹಾಕಿ ಗುಂಡಿ ಹೊಲಿದು ಕೊಡುತ್ತೇನೆ. ಉಳಿದ ಹೊತ್ತು ನನ್ನ ಸಿಪಾಯಿಗಳ ಜೊತೆ. ಸಣ್ಣ ಆಟಿಕೆ ಸಿಪಾಯಿಗಳು. ಒಂದು ಗಾಜಿನ ಕಪಾಟಿನ ತುಂಬ ಇದ್ದಾರೆ.

ಇದು ಶುರುವಾಗಿದ್ದು 1978ರಲ್ಲಿ. ಆಗ ಮೈಸೂರಿನಲ್ಲಿ ಕೆಲಸ ಕಲಿಯುತ್ತಿದ್ದೆ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಆಂಗ್ಲೋ ಇಂಡಿಯನ್ ಹಿರಿಯರೊಬ್ಬರು ಅಂಗಡಿಗೆ ಬರುತ್ತಿದ್ದರು. ಮಗಳ ಜೊತೆ ಇರಲು ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಅವರ ಹಳೇ ಕೋಟಿನ ಅಸ್ತರು ಬದಲಿಸಿ, ತೋಳು ಇಳಿಸಿ ಕೊಟ್ಟೆ. ದುಡ್ಡಿನ ಜೊತೆಗೆ ಒಂದು ಬಿಸ್ಕತ್ ಡಬ್ಬಿಯನ್ನೂ ನನ್ನ ಕೈಗಿಟ್ಟರು. "ಇದನ್ನ ವಿಮಾನದಲ್ಲಿ ಹೊತ್ತುಕೊಂಡು ಹೋಗೋಕೆ ಆಗಲ್ಲಪ್ಪ, ಬಿಸಾಡೋಕೆ ಮನಸ್ಸು ಬರಲ್ಲ. ನೀನು ಇಟ್ಕೋ" ಅಂದರು. ಒಳಗೆ ಹಳೇ ಪೇಪರಿನಲ್ಲಿ ಸುತ್ತಿದ 23 ಸೀಸದ ಸಿಪಾಯಿಗಳು, ಒಂದು ಸೀಸದ ಹಸು. ಅವರು ಚಿಕ್ಕವರಿದ್ದಾಗ ಆಡಿದ್ದವಂತೆ. ನಾಲ್ವರಿಗೆ ಕತ್ತು ಮುರಿದಿತ್ತು. ಬೆಂಕಿಕಡ್ಡಿ ತುಂಡು ಸಿಕ್ಕಿಸಿ ತಲೆ ಕೂರಿಸಿದ್ದರು.

ಸೀಸದ ಬೊಂಬೆಗೆ ಬೆಂಕಿಕಡ್ಡಿ ಹೇಗೆ ಹೋಗುತ್ತದೆ ಅಂತ ಆಗ ಆಶ್ಚರ್ಯವಾಗಿತ್ತು. ಒಳಗೆ ಪೊಳ್ಳು, ಅದಕ್ಕೇ. ಲಂಡನ್ನಿನ ಬ್ರಿಟನ್ಸ್ ಕಂಪನಿಯವರು 1893ರಲ್ಲಿ ಕಂಡುಕೊಂಡ ದಾರಿ ಅದು. ಕಾದ ಸೀಸವನ್ನು ಅಚ್ಚಿಗೆ ಸುರಿಯುತ್ತಾರೆ. ಅಚ್ಚಿಗೆ ತಾಗಿದ ಪದರ ಗಟ್ಟಿಯಾದ ಕೂಡಲೇ ಒಳಗಿನದನ್ನು ವಾಪಸ್ ಬಗ್ಗಿಸಿಬಿಡುತ್ತಾರೆ. ಸೀಸ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಅಲ್ಲಿಯವರೆಗೆ ಪೇಟೆ ಹಿಡಿದಿದ್ದ ಜರ್ಮನಿಯ ಗಟ್ಟಿ ಸಿಪಾಯಿಗಳು ಹಿಂದೆ ಬಿದ್ದವು. 54 ಮಿಲಿಮೀಟರ್ ಎತ್ತರ, ಅಂದರೆ ನಿಜ ಮನುಷ್ಯನ 32ನೇ ಒಂದು ಭಾಗ. ಇವತ್ತಿಗೂ ಸಂಗ್ರಹ ಮಾಡುವವರಿಗೆ ಆ ಅಳತೆಯೇ ಅಳತೆ. 1966ರ ಹೊತ್ತಿಗೆ ಸೀಸ ನಿಂತುಹೋಯಿತು. ಮಕ್ಕಳ ಕೈಗೆ ಸೀಸ ವಿಷ ಅಲ್ವಾ? ನನ್ನ ಕಪಾಟಿಗೂ ಅದಕ್ಕೇ ಬೀಗ.

ಆ 23ರಲ್ಲಿ ಐದು ಜನ ಪೇಟ ಕಟ್ಟಿದ ಕುದುರೆ ಸವಾರರು. ಕೈಯಲ್ಲಿ ಈಟಿ. ಬಂಗಾಳದ ಲ್ಯಾನ್ಸರುಗಳು ಅಂತ ಗಾರ್ಡ್ ಸಾಹೇಬರು ಹೇಳಿದರು. ಬ್ರಿಟನ್ಸ್‌ನವರು ಮದ್ರಾಸಿನ ಸಿಪಾಯಿಗಳನ್ನೂ ಬೊಂಬಾಯಿ ಸವಾರರನ್ನೂ ಮಾಡಿದ್ದರು. ಅಂದರೆ ಈ ಆಟಿಕೆ ಲಂಡನ್ನಿನಲ್ಲಿ ಹುಟ್ಟಿದರೂ ನಮ್ಮವರ ಮುಖ ಅದರಲ್ಲಿ ಮೊದಲಿನಿಂದ ಇತ್ತು. ಆದರೆ ಯಾವ ನಮ್ಮವರು? ಇಂಗ್ಲಿಷರ ಚಾಕರಿಯಲ್ಲಿದ್ದವರು ಮಾತ್ರ. ಎದುರು ನಿಂತವರು ಡಬ್ಬಿಯಲ್ಲಿ ಇರಲಿಲ್ಲ.

ಆಮೇಲೆ ನಾನು ಕೊಂಡದ್ದೆಲ್ಲ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ, ಭಾನುವಾರದ ಬೀದಿ ಸಂತೆಯಲ್ಲಿ, ಈಚೆಗೆ ಮಗನ ಫೋನಿನಲ್ಲಿ ಆರ್ಡರ್ ಮಾಡಿ. ಡಬ್ಬಿಗಳ ಮೇಲಿನ ಚಿತ್ರ ನೋಡಿದರೆ ಸಾಕು, ಯಾವ ಯುದ್ಧ ಅಂತ ಗೊತ್ತಾಗುತ್ತದೆ. ನೆಪೋಲಿಯನ್ನನ ವಾಟರ್‌ಲೂ. ಅಮೆರಿಕದ ಉತ್ತರ ದಕ್ಷಿಣದವರ ಜಗಳ. ಎರಡನೇ ಮಹಾಯುದ್ಧದ ಜರ್ಮನ್ನರು, ಮರಳುಗಾಡಿನ ಇಂಗ್ಲಿಷರು. ರೋಮನ್ನರು. ಮತ್ತೆ ವಾಟರ್‌ಲೂ. ಕಂಪನಿಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಪ್ಲಾಸ್ಟಿಕ್ ಸಿಪಾಯಿ ತೆಗೆಯಲು ಉಕ್ಕಿನ ಅಚ್ಚು ಕೊರೆಸಬೇಕು. ಅದಕ್ಕೆ ಹಾಕಿದ ದುಡ್ಡು ಹತ್ತು ದೇಶಗಳಲ್ಲಿ ಮಾರಾಟವಾದರೆ ಮಾತ್ರ ವಾಪಸ್ ಬರುತ್ತದೆ. ವಾಟರ್‌ಲೂ ಎಲ್ಲ ಕಡೆ ಓಡುತ್ತದೆ. ಮೈಸೂರಿನವರು ಇಂಗ್ಲಿಷರನ್ನು ಸೋಲಿಸಿದ ಪೊಲ್ಲಿಲೂರು ಓಡುತ್ತದಾ ಅಂತ ಅವರಿಗೆ ಅನುಮಾನ. ಒಂದು ದೊಡ್ಡ ಕಂಪನಿಗೆ ನಾನು ಬರೆದು ಕೇಳಿದ್ದೆ. "ಸಲಹೆಗೆ ಧನ್ಯವಾದ, ಆ ಯುದ್ಧಕ್ಕೆ ಗಿರಾಕಿ ಇಲ್ಲ" ಅಂತ ಎರಡು ಸಾಲಿನ ಉತ್ತರ ಬಂತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯಿಂದ ಟಿಪ್ಪುವಿನ ಅರಮನೆ ದರಿಯಾ ದೌಲತ್‌ಗೆ ಹತ್ತು ನಿಮಿಷದ ನಡಿಗೆ. ಅಲ್ಲಿ ಗೋಡೆ ತುಂಬ ನಿಂತಿರುವ ಸೈನ್ಯವನ್ನು ನಾನು ನಾಲ್ಕು ವರ್ಷದ ಹುಡುಗನಾಗಿದ್ದಾಗಿನಿಂದ ನೋಡುತ್ತಿದ್ದೇನೆ.

ಆ ಗೋಡೆ ಬಗ್ಗೆ ಹೇಳಲೇಬೇಕು. ಅರಮನೆ ಕಟ್ಟಿದ್ದು 1784ರಲ್ಲಿ. ಪಶ್ಚಿಮದ ಗೋಡೆಯ ಮೇಲೆ ಕಂಚೀಪುರದ ಹತ್ತಿರ 1780ರ ಸೆಪ್ಟೆಂಬರ್ 10ರಂದು ನಡೆದ ಪೊಲ್ಲಿಲೂರಿನ ಕಾಳಗವಿದೆ. ನಡುವೆ ಕೆಂಪು ಕೋಟಿನವರು ಚೌಕ ಕಟ್ಟಿ ನಿಂತಿದ್ದಾರೆ. ಒಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೈಲಿ. ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿ. ಸುತ್ತ ಮೈಸೂರಿನ ಸವಾರರು, ಸಾಲು ಸಾಲು. ಆಟಿಕೆ ಸಿಪಾಯಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಪುಸ್ತಕ ಬೇಡ. ಯಾರು ಎಲ್ಲಿ ನಿಂತಿದ್ದರು, ಕುದುರೆಗೆ ಜೀನು ಹೇಗೆ, ಪೇಟದ ಸುತ್ತು ಯಾವ ಕಡೆಗೆ, ಎಲ್ಲ ಕಣ್ಣೆದುರು ಇದೆ. ಒಂದೇ ಎಚ್ಚರ. ಇದನ್ನು 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬರೆಸಿದರು. ಹಾಗಾಗಿ ಬಟ್ಟೆಯ ಬಣ್ಣಕ್ಕೆ ಈ ಗೋಡೆಯೊಂದನ್ನೇ ನಂಬಬೇಡಿ. ಬಟ್ಟೆ ಕೆಲಸದವನಾಗಿ ಹೇಳುತ್ತೇನೆ, ಹಳೇ ಅಂಗಿಯ ಮೇಲೆ ಹೊಸ ಬಣ್ಣ ಹಾಕಿದರೆ ಮೊದಲಿನ ಬಣ್ಣ ಹೊಲಿಗೆಯ ಒಳಗೆ ಮಾತ್ರ ಉಳಿದಿರುತ್ತದೆ. ಗೋಡೆಗೆ ಆ ಹೊಲಿಗೆಯೂ ಇಲ್ಲ.

1999ರಲ್ಲಿ ನಾನೇ ಮಾಡಲು ಕೂತೆ. ನಮ್ಮೂರಿನ ಕೋಟೆ ಇಂಗ್ಲಿಷರ ಕೈಗೆ ಬಿದ್ದು 200 ವರ್ಷ ಆದ ವರ್ಷ. ಕರಿಘಟ್ಟದ ಜಾತ್ರೆಯಲ್ಲಿ ತಂದ ಹಸಿರು ಪ್ಲಾಸ್ಟಿಕ್ ಸಿಪಾಯಿಗಳ ಹೆಲ್ಮೆಟ್ ಬ್ಲೇಡಿನಿಂದ ಕೆತ್ತಿದೆ. ಎಂ-ಸೀಲ್ ನಾದಿ ಎಳೆ ಮಾಡಿ ಪೇಟ ಸುತ್ತಿದೆ. ಪ್ಯಾಂಟನ್ನು ಇಜಾರ ಮಾಡಿದೆ. ಆ ಕಾಲದ ಇಂಗ್ಲಿಷರು ಬರೆದ ಚಿತ್ರಗಳಲ್ಲಿ ಟಿಪ್ಪುವಿನ ಕಾಲಾಳುಗಳ ಅಂಗಿ ಮೇಲೆ ಹುಲಿ ಪಟ್ಟೆ ಇರುತ್ತದೆ. ಬೆರಳುದ್ದದ ಬೊಂಬೆಯ ಎದೆ ಮೇಲೆ ಆ ಪಟ್ಟೆ ಬರೆಯಲು ಬ್ರಷ್ ಆಗುವುದಿಲ್ಲ. 12ನೇ ನಂಬರಿನ ಕೈಸೂಜಿಯ ತುದಿಯಲ್ಲಿ ಬಣ್ಣ ಮುಟ್ಟಿಸಿ ಮುಟ್ಟಿಸಿ ಇಟ್ಟೆ. ಒಬ್ಬ ಸಿಪಾಯಿಗೆ ನಾಲ್ಕು ಸಂಜೆ ಹಿಡಿಯಿತು.

ರಾಕೆಟ್ ಮಾಡಲು ನನಗೆ ಸರಿಯಾದ ಅಳತೆ ಬೇಕಿತ್ತು. ಆಗ ಅದನ್ನು ಬಾಣ ಅಂತಲೇ ಕರೆಯುತ್ತಿದ್ದರು. ನಾವು ಪಟಾಕಿಗೆ ಬಾಣಬಿರುಸು ಅನ್ನುತ್ತೇವಲ್ಲ, ಅದೇ ಬಾಣ. ಕಬ್ಬಿಣದ ಕೊಳವೆ, ಒಳಗೆ ಮದ್ದು, ಹಿಂದೆ ಬಿದಿರು. ಕೊಳವೆ ಕಬ್ಬಿಣದ್ದಾದ್ದರಿಂದ ಒಳಗಿನ ಒತ್ತಡ ತಡೆಯುತ್ತಿತ್ತು, ಅದಕ್ಕೇ ದೂರ ಹೋಗುತ್ತಿತ್ತು. 1799ರ ಮೇಲೆ ಇಂಗ್ಲಿಷರು ಇವನ್ನು ಹೊತ್ತುಕೊಂಡು ಹೋದರು. ಇಂಗ್ಲೆಂಡಿನ ವೂಲ್‌ವಿಚ್‌ನಲ್ಲಿ ಕಾಂಗ್ರೀವ್ ಅನ್ನುವವರು ನೋಡಿ ತಮ್ಮದೇ ರಾಕೆಟ್ ಮಾಡಿದರು. 1807ರಲ್ಲಿ ಕೋಪನ್‌ಹೇಗನ್ ಊರನ್ನು ಸುಡಲು ಅದನ್ನೂ ಬಳಸಿದರು. ನಿಜವಾದ ಅಳತೆ ನನಗೆ ಸಿಕ್ಕಿದ್ದು ತೀರ ಈಚೆಗೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹತ್ತಿರ ಒಂದು ಹಾಳು ಬಾವಿಯ ಹೂಳು ತೆಗೆದಾಗ ಸಾವಿರಕ್ಕೂ ಜಾಸ್ತಿ ಕೊಳವೆಗಳು ಸಿಕ್ಕವು. ಶಿವಮೊಗ್ಗಕ್ಕೆ ಹೋಗಿ ನೋಡಿಕೊಂಡು ಬಂದೆ. ಹೆಚ್ಚು ಕಡಿಮೆ 25 ಸೆಂಟಿಮೀಟರ್ ಉದ್ದ. 32ರಿಂದ ಭಾಗಿಸಿದರೆ 8 ಮಿಲಿಮೀಟರ್. ಬಸ್ಸಿನಲ್ಲಿ ವಾಪಸ್ ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ಮನೆಗೆ ಬಂದು ಅಡುಗೆಮನೆಯ ಡಬ್ಬದಿಂದ ಒಂದು ಉದ್ದನೆಯ ಬಾಸುಮತಿ ಅಕ್ಕಿ ಕಾಳು ತೆಗೆದು ಟೇಪಿನ ಮೇಲಿಟ್ಟೆ. ಹೆಚ್ಚು ಕಡಿಮೆ ಅಷ್ಟೇ. ಈಗ ನನ್ನ ಕಪಾಟಿನ ಬಾಣಗಳೆಲ್ಲ ಅಕ್ಕಿ ಕಾಳುಗಳು. ಕಪ್ಪು ಬಣ್ಣ ಹಚ್ಚಿ ಪೊರಕೆ ಕಡ್ಡಿಯ ಸೀಳಿಗೆ ದಾರದಲ್ಲಿ ಕಟ್ಟಿದ್ದೇನೆ.

ಇಷ್ಟಾದರೂ ಮುಖ್ಯವಾದದ್ದು ನನಗೆ ಹೊಳೆದಿರಲಿಲ್ಲ. ಹೊಳೆಸಿದ್ದು ನಮ್ಮ ಮನೆಯವರು. ಅವರ ತವರು ಪಾಂಡವಪುರ ತಾಲ್ಲೂಕಿನ ಚಿನಕುರಳಿ ಕಡೆ. ಬೇಸಾಯದ ಮನೆ. ಒಂದು ದಸರಾದಲ್ಲಿ ಬೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಿನಲ್ಲಿ ನನ್ನ ಸೈನ್ಯ ಇಟ್ಟೆ. ಸಿಪಾಯಿಗಳು, ಸವಾರರು, ಎರಡು ದೊಡ್ಡ ತೋಪು. ಅವರು ನಿಂತು ನೋಡಿದರು. "ರೀ, ಇಷ್ಟು ದೊಡ್ಡ ತೋಪನ್ನ ಎಳೆದವರು ಯಾರು? ಎತ್ತೆಲ್ಲಿ?" ಅಂದರು.

ಎತ್ತು ಇರಲಿಲ್ಲ. ನನ್ನ ಹತ್ತಿರ ಮಾತ್ರ ಅಲ್ಲ, ನಾನು ಕೊಂಡ ಯಾವ ಡಬ್ಬಿಯಲ್ಲೂ ಇರಲಿಲ್ಲ. ಕೋವಿ ಹಿಡಿದವನು ಇರುತ್ತಾನೆ, ಕತ್ತಿ ಎತ್ತಿದವನು ಇರುತ್ತಾನೆ, ಕುದುರೆ ಇರುತ್ತದೆ. ಅನ್ನ ತಂದವರು, ತೋಪು ಎಳೆದವರು ಇರುವುದಿಲ್ಲ. ನಮ್ಮ ಕಡೆಯ ಯುದ್ಧಗಳಲ್ಲಿ ಗೆಲುವು ಸೋಲು ತೀರ್ಮಾನ ಆಗುತ್ತಿದ್ದದ್ದೇ ಅವರಿಂದ.

1791ರ ಮೇ ತಿಂಗಳನ್ನೇ ತೆಗೆದುಕೊಳ್ಳಿ. ಮಾರ್ಚಿನಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದಿದ್ದ. ಶ್ರೀರಂಗಪಟ್ಟಣ ಹಿಡಿಯಲು ಹೊರಟ. ದಾರಿಯ ಹುಲ್ಲು, ಮೇವು, ಕಾಳನ್ನೆಲ್ಲ ಟಿಪ್ಪುವಿನ ಕಡೆಯವರು ಸುಟ್ಟಿದ್ದರು. ಮಳೆಯೂ ಬೇಗ ಹಿಡಿಯಿತು. ಕೋಟೆ ಒಡೆಯುವ ಭಾರಿ ತೋಪುಗಳಿಗೆ ಒಂದೊಂದಕ್ಕೂ ಹತ್ತಾರು ಜೋಡಿ ಎತ್ತು ಬೇಕು. ಎತ್ತುಗಳು ಹಸಿದು, ಕೆಸರಲ್ಲಿ ಸಿಕ್ಕಿ ಸಾಯಲು ಶುರುವಾದವು. ಮೇ 15ರಂದು ಅರಕೆರೆ ಹತ್ತಿರದ ಕಾಳಗದಲ್ಲಿ ಕಾರ್ನ್‌ವಾಲಿಸ್‌ಗೇ ಮೇಲುಗೈ. ಆದರೂ ಏನು ಬಂತು? ಕನ್ನಂಬಾಡಿ ತನಕ ಹೋಗಿ, ಅಲ್ಲಿ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳು ಮಾಡಿ, ಬೆಂಗಳೂರಿಗೆ ಹಿಂತಿರುಗಬೇಕಾಯಿತು. ಕಾಳಗ ಗೆದ್ದ ಸೈನ್ಯ ಎತ್ತಿಲ್ಲದೆ ವಾಪಸ್ ಹೋಯಿತು. ಇವತ್ತು ಅದೇ ಕನ್ನಂಬಾಡಿಯಲ್ಲಿ ಕಟ್ಟೆ ಇದೆ, ಭಾನುವಾರ ಜನ ಬೃಂದಾವನ ನೋಡಲು ಬರುತ್ತಾರೆ. ಆ ಎತ್ತುಗಳ ನೆನಪು ಯಾರಿಗೂ ಇಲ್ಲ.

ನಮ್ಮ ಕಡೆಯ ಎತ್ತುಗಳಿಗೆ ಅವುಗಳದೇ ಚರಿತ್ರೆ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ವಿಭಾಗಕ್ಕೆ ಬೆಣ್ಣೆ ಚಾವಡಿ ಅಂತ ಹೆಸರು. ಹೈದರ್ ಅದೇ ತಳಿಯ ಎತ್ತುಗಳನ್ನು ತೋಪು ಎಳೆಯಲು ಹಾಕಿದ. ಟಿಪ್ಪು ಆ ವಿಭಾಗಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಮೈಸೂರಿನ ಸೈನ್ಯ ಬಿರುಸಾಗಿ ಓಡಾಡುತ್ತಿದ್ದದ್ದು ಈ ಎತ್ತುಗಳ ಕಾಲಿನಿಂದ. ಅಜ್ಜಂಪುರದ ತಳಿ ಕೇಂದ್ರದಲ್ಲಿ ಈಗಲೂ ಇವೆ. ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಚೂಪು ಕೊಂಬು. ಬೊಂಬೆ ಮಾಡುವವರು ಅಲ್ಲಿಗೆ ಹೋಗಿ ಅಳತೆ ತೆಗೆದುಕೊಂಡು ಬರಬಹುದು. 200 ವರ್ಷದ ಹಿಂದಿನ ಕುದುರೆಯ ಅಳತೆ ಸಿಗುವುದು ಕಷ್ಟ, ಎತ್ತು ಇನ್ನೂ ಹುಲ್ಲು ಮೇಯುತ್ತಿದೆ.

ಗಾರ್ಡ್ ಸಾಹೇಬರ ಡಬ್ಬಿಯಲ್ಲಿ ಒಂದು ಸೀಸದ ಹಸು ಇತ್ತು ಅಂದೆನಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಜನಕ್ಕೆ ಯುದ್ಧ ಸಾಕಾಗಿತ್ತು. ಬ್ರಿಟನ್ಸ್‌ನವರು ಹೊಲಮನೆಯ ಬೊಂಬೆ ಮಾಡಲು ಶುರು ಮಾಡಿದರು. ಹಸು, ಕುರಿ, ರೈತ, ಹಾಲು ಕರೆಯುವವಳು. ಆ ಕಾಲದ ಹಸು ಇದು. ಇದನ್ನೇ ಅಮೃತ ಮಹಲ್ ಮಾಡೋಣ ಅಂತ ಗುಂಡುಸೂಜಿ ಬಗ್ಗಿಸಿ ಕೊಂಬು ಇಟ್ಟೆ. ಆಗಲಿಲ್ಲ. ಅದರ ಹೊಟ್ಟೆ, ಕುತ್ತಿಗೆ, ನಿಲ್ಲುವ ರೀತಿ ಎಲ್ಲ ಬೇರೆ. ಹಿಣಿಲು ಇಲ್ಲ. ತುಂಬಿದ ಮೈಗೆ ಹೊಲಿದ ಕೋಟನ್ನು ಬಡಕಲು ಮೈಗೆ ಹಾಕಿದ ಹಾಗೆ. ಸೂಜಿ ತೆಗೆದು ಹಸುವನ್ನು ಹಾಗೇ ಇಟ್ಟೆ. ಎತ್ತನ್ನು ಕಾಗದದ ರಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಬೇರೆಯೇ ಮಾಡಿದೆ. ಇಲ್ಲಿಯವರೆಗೆ ಐದು ಜೋಡಿ ಆಗಿದೆ. ಒಂದು ತೋಪಿಗೂ ಸಾಲದು.

ಎತ್ತಿನ ಜೊತೆಗೆ ಬಂಜಾರರು ಬರಬೇಕು. ನಾವು ಲಂಬಾಣಿಗಳು ಅನ್ನುವವರು. ಸಾವಿರಾರು ಎತ್ತುಗಳ ಮೇಲೆ ಕಾಳು ಹೇರಿಕೊಂಡು ಸೈನ್ಯಗಳ ಹಿಂದೆ ನಡೆದು ಮಾರುತ್ತಿದ್ದರು. ಮುಂದಿನ ವರ್ಷ, 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದಾಗ ಅವನ ಸೈನ್ಯದ ಹೊಟ್ಟೆ ತುಂಬಿಸಿದ್ದು ಇವರೇ. ಗಂಡಸರಷ್ಟೇ ಅಲ್ಲ, ಹೆಂಗಸರು ಮಕ್ಕಳ ಸಮೇತ ಇಡೀ ತಾಂಡಾ ನಡೆಯುತ್ತಿತ್ತು. ಲಂಬಾಣಿ ಹೆಂಗಸರ ಕಸೂತಿ ಎಂಥದ್ದು ಅಂತ ಸೂಜಿ ಹಿಡಿದವರಿಗೆ ಗೊತ್ತು. ಕನ್ನಡಿ, ಕವಡೆ, ಒಂದು ಚದರದೊಳಗೆ ಇನ್ನೊಂದು ಚದರ. ಆಟಿಕೆ ಸಿಪಾಯಿಗಳ ಲೋಕದಲ್ಲಿ ಹೆಂಗಸರೇ ಇಲ್ಲ ಅಂತ ನನ್ನ ಮೊಮ್ಮಗಳು ದೂರುತ್ತಾಳೆ. ಅವಳು ಹೇಳುವುದು ಸರಿ. ತಲೆ ಮೇಲೆ ಗಂಟು ಹೊತ್ತು ಎತ್ತಿನ ಪಕ್ಕ ನಡೆಯುವ ಲಂಬಾಣಿ ಹೆಂಗಸಿನ ಬೊಂಬೆ ಬಂದರೆ ನಾನು ಹತ್ತು ಕೊಳ್ಳುತ್ತೇನೆ.

ಈ ಮಾತಿಗೆ ಕೆಲವರು ಮುಖ ಸಿಂಡರಿಸುತ್ತಾರೆ, ಅದೂ ನನಗೆ ಗೊತ್ತು. ಟಿಪ್ಪು ಹೆಸರು ಬಂದ ಕೂಡಲೇ ಎರಡು ಗುಂಪು. ನಾನು ಈ ಊರಿನವನು. ಕೋಟೆ ಒಡೆದ ಜಾಗ, ಅವನು ಬಿದ್ದ ಜಾಗ ದಿನಾ ದಾಟುತ್ತೇನೆ. ಇಲ್ಲಿಂದ ಸ್ವಲ್ಪ ದೂರದ ಮೇಲುಕೋಟೆಯಲ್ಲಿ, ತಮ್ಮ ಹಿರಿಯರನ್ನು ಟಿಪ್ಪು ಅವತ್ತೇ ಕೊಲ್ಲಿಸಿದ ಅಂತ, ಇವತ್ತಿಗೂ ನರಕ ಚತುರ್ದಶಿಗೆ ದೀಪಾವಳಿ ಮಾಡದ ಮನೆಗಳಿವೆ. ಆ ಮನೆಯವರಿಗೂ ನಾನು ಅಂಗಿ ಹೊಲಿದಿದ್ದೇನೆ. ಅವರ ನೋವು ಹಳೇದಾಯಿತು ಅಂತ ಹೇಳುವ ಹಕ್ಕು ನನಗಿಲ್ಲ. ಅದಕ್ಕೇ ನಾನು ದೊರೆಯ ಬೊಂಬೆ ಕೇಳುತ್ತಿಲ್ಲ. ನನ್ನ ಕಪಾಟಿನಲ್ಲೂ ದೊರೆ ಇಲ್ಲ. ಕೇಳುತ್ತಿರುವುದು ಹೆಸರಿಲ್ಲದ ಕಾಲಾಳನ್ನು, ಬಾಣ ಹಚ್ಚುವವನನ್ನು, ಎತ್ತು ಹೊಡೆಯುವವನನ್ನು. ಮೈಸೂರಿನ ಕಡೆಯವರಷ್ಟೇ ಸಾಲದು. ಎದುರಿಗಿದ್ದ ಮದ್ರಾಸ್ ಸಿಪಾಯಿಯೂ ಬರಲಿ. ಮೇಲೆ ಇಂಗ್ಲಿಷರ ಕೆಂಪು ಕೋಟು, ಕೆಳಗೆ ಮೊಣಕಾಲಿನ ಮೇಲಿನ ಬಿಳಿ ಚಡ್ಡಿ, ತಲೆಗೆ ಪೇಟ. ಒಂದೇ ಮೈ ಮೇಲೆ ಎರಡು ದೇಶದ ಹೊಲಿಗೆ. ಇಂಗ್ಲಿಷರ ಸೈನ್ಯ ಅಂತ ನಾವು ಓದುವುದರಲ್ಲಿ ಹೆಚ್ಚಿನವರು ಇವರೇ, ನಮ್ಮ ಅಕ್ಕಪಕ್ಕದ ಸೀಮೆಯ ಹಳ್ಳಿಗರು. ನಿಜಾಮನ ಕಡೆಯವರು, ಪರಶುರಾಮ ಭಾವೂನ ಮರಾಠಿ ಸವಾರರು ಬೇರೆ. ಇಷ್ಟು ಬಗೆಯ ಉಡುಪು ಒಂದೇ ಬಯಲಿನಲ್ಲಿ ಸೇರಿದ ಯುದ್ಧಗಳು ಕಡಿಮೆ.

ಯಾವ ಯುದ್ಧ ಬೇಡ ಅಂತಲೂ ಹೇಳಿಬಿಡುತ್ತೇನೆ. ಯಾರ ಮನೆಯಲ್ಲಾದರೂ ಇನ್ನೂ ಅಳುವವರಿದ್ದರೆ ಆ ಯುದ್ಧ ಬೇಡ. ನನ್ನ ಅಂಗಡಿಗೆ ಬರುವ ಒಬ್ಬ ತಾಯಿಯ ಮಗ ಗಡಿಯಲ್ಲಿ ತೀರಿಕೊಂಡ. ಅವನ ಶರ್ಟುಗಳನ್ನು ತಂದು ತಮ್ಮನಿಗೆ ಸರಿಮಾಡಿ ಕೊಡಿ ಅಂದರು. ಅವತ್ತು ಆಕೆ ನನ್ನ ಕಪಾಟಿನ ಕಡೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಈಗಿನ ಸೈನಿಕರ ಒಂದು ಡಬ್ಬಿ ಅಲ್ಲಿತ್ತು. ಸಂಜೆ ಅದನ್ನು ತೆಗೆದು ಒಳಗಿಟ್ಟೆ. ಮತ್ತೆ ಹೊರಗೆ ಇಟ್ಟಿಲ್ಲ.

ಇನ್ನೂ ಯಾವ ಯುದ್ಧ ಅಂತ ಕೇಳಿದರೆ ಬೇಕಾದಷ್ಟಿದೆ. 1520ರ ರಾಯಚೂರು. ಕೃಷ್ಣದೇವರಾಯನ ಕಡೆ ಬಂದೂಕು ಹಿಡಿದ ಪೋರ್ಚುಗೀಸರೂ ಇದ್ದರು, ಕೋಟೆ ಗೋಡೆ ಮೇಲಿನವರಿಗೆ ಗುರಿ ಇಟ್ಟು ಹೊಡೆದರು. ಬಟ್ಟೆಬರೆಗೆ ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆ ಇದೆ, ಮಹಾನವಮಿ ದಿಬ್ಬ ಇದೆ. 1824ರ ಕಿತ್ತೂರು. ಚೆನ್ನಮ್ಮನ ಬೊಂಬೆ ಸಿಗುತ್ತದೆ, ಆದರೆ ಯಾವಾಗಲೂ ಒಬ್ಬಳೇ ಕುದುರೆ ಮೇಲೆ. ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಬಿದ್ದ ದಿನ ಅವಳ ಹಿಂದೆ ಕೋಟೆ ಬಾಗಿಲಲ್ಲಿ ನಿಂತಿದ್ದ ಜನ ಎಲ್ಲಿ? ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಬೇಗೂರಿನ ವೀರಗಲ್ಲು ಇಟ್ಟಿದ್ದಾರೆ. ಸಾವಿರ ವರ್ಷ ಹಿಂದಿನದು. ಆನೆ, ಕುದುರೆ, ಬಿಲ್ಲು ಹಿಡಿದವರು, ಸತ್ತು ಬಿದ್ದವರು, ಇಡೀ ಕಾಳಗ ಒಂದು ಕಲ್ಲಿನ ಮೇಲಿದೆ. ಗಂಗರ ಕಾಲದ ಸಿಪಾಯಿಯ ಸೊಂಟದ ಬಟ್ಟೆಯ ನೆರಿಗೆ ಅದರಲ್ಲಿ ಕಾಣುತ್ತದೆ.

ಎಲ್ಲಕ್ಕಿಂತ ಸುಲಭವಾದದ್ದು ಮೊದಲ ಮಹಾಯುದ್ಧದ ಹೈಫಾ, ಈಗಿನ ಇಸ್ರೇಲಿನ ಊರು. 1918ರ ಸೆಪ್ಟೆಂಬರ್ 23. ಮೈಸೂರು ಲ್ಯಾನ್ಸರುಗಳು ಕಾರ್ಮೆಲ್ ಬೆಟ್ಟದ ಕಡೆಯಿಂದ ಏರಿದರು, ಜೋಧಪುರದವರು ಊರಿಗೆ ನುಗ್ಗಿದರು. ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದು ಹೋದ ಕುದುರೆ ಸವಾರರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಕಂಬ ಇದೆ. ಅದರ ಮುಂದೆ ಬಸ್ಸಿನಲ್ಲಿ ಹೋಗುವವರಲ್ಲಿ ಎಷ್ಟು ಜನ ಇಳಿದು ನೋಡಿದ್ದಾರೆ? ಕಂಪನಿಗಳ ಹತ್ತಿರ ಈಟಿ ಹಿಡಿದ ಸವಾರನ ಅಚ್ಚು ಹಿಂದಿನಿಂದಲೂ ಇದೆ. ಪೇಟ ಸರಿಯಾಗಿ ಕಟ್ಟಿ ಖಾಕಿ ಹಾಕಿದರೆ ಮುಗಿಯಿತು.

ಆದರೂ ಮೊದಲು 1791 ಬರಲಿ ಅಂತ ನನ್ನ ಆಸೆ. ಹೈದರ್ ಕಾಲದಲ್ಲೇ, 1770ರ ಆಸುಪಾಸಿನಲ್ಲಿ, ಜರ್ಮನಿಯ ನ್ಯೂರೆಂಬರ್ಗಿನ ಹಿಲ್ಪರ್ಟ್ ಅನ್ನುವ ತವರದ ಕೆಲಸಗಾರರು ಚಪ್ಪಟೆ ಸಿಪಾಯಿ ಎರೆಯುತ್ತಿದ್ದರು. ಪ್ರಷ್ಯದ ರಾಜ ಫ್ರೆಡ್ರಿಕ್‌ನ ಸೈನ್ಯವನ್ನೇ ಮಾಡಿದರು. ತಮ್ಮ ಕಾಲದ್ದು, ತಮ್ಮ ಸೀಮೆಯದ್ದು. ಫ್ರಾನ್ಸಿನವರು ನೆಪೋಲಿಯನ್ನನ ಕಡೆಯವರನ್ನು ಮಾಡಿದರು. ಇಂಗ್ಲಿಷರು ತಮ್ಮ ಅರಮನೆ ಕಾವಲಿನವರನ್ನು ಮಾಡಿದರು. ನಮ್ಮದನ್ನು ಹೊರಗಿನವರು ಮಾಡಿ ಕೊಡಲಿ ಅಂತ ಕಾಯುವುದು ಸುಮ್ನೆ.

ಇಲ್ಲಿ ಮಾಡಲು ಆಗುವುದಿಲ್ಲವೇ? ಆಗುತ್ತದೆ. ಉಕ್ಕಿನ ಅಚ್ಚು ಬೇಡ. ರಬ್ಬರ್ ಅಚ್ಚಿನಲ್ಲಿ ತವರ ಎರೆದರೆ ನೂರು ಇನ್ನೂರು ಬೊಂಬೆ ತೆಗೆಯಬಹುದು. ಸೀಸ ಹಾಕುವ ಅಗತ್ಯವಿಲ್ಲ. ಇಲ್ಲ, ಮರವೇ ಸಾಕು ಅಂದರೆ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರಿದ್ದಾರೆ. ವಿಜಯನಗರದ ಕಾಲದಿಂದ ಬಂದ ಕೈ ಅದು. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಒಡವೆ ಎಬ್ಬಿಸಿ, ಬಣ್ಣ ಹಾಕುತ್ತಾರೆ. ನಾನು ಎತ್ತಿಗೆ ಬಳಸಿದ ಅಂಟು ಅವರನ್ನು ನೋಡಿ ಕಲಿತದ್ದು. ಚನ್ನಪಟ್ಟಣ ನಮಗೆ ಹತ್ತಿರ, ಆದರೆ ಅವರದು ಚರಕಿ ಕೆಲಸ, ತಿರುಗಿಸಿ ಗುಂಡಗೆ ಮಾಡುವುದು. ತೋಪಿನ ಕೊಳವೆ, ಗಾಲಿ, ಮದ್ದಿನ ಪೀಪಾಯಿ ಅವರ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಮನುಷ್ಯ, ಎತ್ತು ಕಿನ್ನಾಳದಲ್ಲಿ ಆಗಲಿ. ದರಿಯಾ ದೌಲತ್ ಬಾಗಿಲಲ್ಲಿ ಚೀನಾದ ಪ್ಲಾಸ್ಟಿಕ್ ಕತ್ತಿ ಮಾರುವ ಹುಡುಗರು ಈ ಬೊಂಬೆ ಮಾರಲಿ. ಗೋಡೆ ನೋಡಿ ಹೊರಗೆ ಬಂದ ಮಗು ಅದೇ ಗೋಡೆಯ ಒಬ್ಬನನ್ನು ಕೈಯಲ್ಲಿ ಹಿಡಿದು ಮನೆಗೆ ಹೋಗಲಿ.

2017ರಲ್ಲಿ ರೈಲು ಹಳಿ ಜೋಡಿ ಮಾಡಲು ಅಡ್ಡ ಬಂತು ಅಂತ ನಮ್ಮೂರಿನ ಹಳೇ ಮದ್ದಿನ ಮನೆಯನ್ನು ಇಡೀ ಕಟ್ಟಡವಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿಟ್ಟರು. ಒಂದು ಇಟ್ಟಿಗೆ ಅಲುಗಲಿಲ್ಲ. ದಿನಾ ಹೋಗಿ ನಿಂತು ನೋಡುತ್ತಿದ್ದೆ. ಅಷ್ಟು ಭಾರದ ಕೆಲಸ ಆದ ಊರಿನಲ್ಲಿ ನಾಲ್ಕು ಸೆಂಟಿಮೀಟರಿನ ಎತ್ತು ಮಾಡುವುದು ಆಗದ ಮಾತಲ್ಲ.

ನನ್ನ ಹತ್ತಿರ ಒಂದು ನೋಟುಬುಕ್ ಇದೆ. ಗ್ರಾಹಕರ ಅಳತೆ ಬರೆಯುವ ಉದ್ದನೆಯ ಪುಸ್ತಕ. ಅದರ ಹಿಂಭಾಗದಲ್ಲಿ 27 ಉಡುಪುಗಳ ಕಟಿಂಗ್ ಬರೆದಿಟ್ಟಿದ್ದೇನೆ. ಮೈಸೂರಿನ ಕಾಲಾಳು, ಬಾಣದವನು, ಮದ್ರಾಸ್ ಸಿಪಾಯಿ, ಮರಾಠಿ ಸವಾರ, ಲಂಬಾಣಿ ಗಂಡಸು, ಹೆಂಗಸು. ತೋಳು ಎಷ್ಟು, ಪೇಟಕ್ಕೆ ಎಷ್ಟು ಸುತ್ತು, ಗುಂಡಿ ಎಲ್ಲಿ, ಎಲ್ಲ ಇದೆ. ಬೊಂಬೆ ಮಾಡುವ ಯಾರೇ ಬಂದರೂ ದುಡ್ಡಿಲ್ಲದೆ ಕೊಡುತ್ತೇನೆ. ಗಂಜಾಂಗೆ ಬಂದು ಯೂನಿಫಾರಂ ಹೊಲಿಯುವ ಅಂಗಡಿ ಯಾವುದು ಅಂತ ಕೇಳಿದರೆ ತೋರಿಸುತ್ತಾರೆ. ಈ ದಸರಾಕ್ಕೆ ಆರನೇ ಜೋಡಿ ಎತ್ತು ಮುಗಿಯಬೇಕು. ನೊಗ ಕೆತ್ತಿ ಆಗಿದೆ, ಕೊಂಬು ಒಣಗುತ್ತಿವೆ.

ಇತಿ,
ನಿಮ್ಮ ಹಳೇ ಓದುಗ,
ಗಂಜಾಂ, ಶ್ರೀರಂಗಪಟ್ಟಣ